ಲೇತ್‌ಗೆ ಬಾರದ ಕಡಗೋಲು: ಮನೆಯ ಸಿಎನ್‌ಸಿಗೆ ತಿರುಗುವ ಆಕ್ಸಿಸ್

ಬೆಳಗಾವಿಯಲ್ಲಿ ನಮ್ಮ ಓಣಿಯ ಬಡಿಗೇರ ಕಾಕಾ ಒಂದು ಸಂಜೆ ಹಳೆಯ ಕಡಗೋಲು ಹಿಡಿದುಕೊಂಡು ಬಂದರು. ತಲೆಯ ಎರಡು ಎಸಳು ಮುರಿದಿದ್ದವು.

"ತಮ್ಮಾ, ನಿನ್ನ ಕಂಪ್ಯೂಟರ್ ಮಶೀನಿನ್ಯಾಗ ಇಂಥಾದ್ದು ಆಕ್ಕೈತೇನು?"

"ಉದ್ಯಮಬಾಗದಾಗ ಎಷ್ಟರ ಲೇತ್ ಅದಾವಲ್ರಿ ಕಾಕಾ, ಅಲ್ಲಿ ಕೊಡ್ರಿ," ಎಂದೆ. ಅದು ನಮ್ಮೂರಿನ ಕಾರ್ಖಾನೆಗಳ ಪ್ರದೇಶ.

ಅವರು ನಕ್ಕರು. "ಲೇತ್ ದುಂಡಗ ಮಾಡತೈತಿ. ಎಸಳು ಯಾರು ಬಿಡಸತಾರ?"

ಕಾಕಾ ಹೇಳಿದ್ದು ಸರಿ. ಲೇತ್‌ನಲ್ಲಿ ಕಟ್ಟಿಗೆ ಗಿರಗಿರ ತಿರುಗುತ್ತದೆ, ಉಳಿ ಒಂದು ಕಡೆ ನಿಂತಿರುತ್ತದೆ. ಹಾಗಾಗಿ ಎಲ್ಲಿ ಅಡ್ಡ ಕೊಯ್ದು ನೋಡಿದರೂ ವೃತ್ತವೇ ಸಿಗುತ್ತದೆ. ಲಟ್ಟಣಿಗೆ, ಮಂಚದ ಕಾಲು, ತೊಟ್ಟಿಲ ಗೂಟ ಎಲ್ಲ ಹೀಗೇ ಆಗುವಂಥವು. ನಮ್ಮ ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಗೆ ಹೋದರೆ ಕಲ್ಲಿನಲ್ಲೂ ಇದೇ ತರಹದ ಕೆಲಸ ಕಾಣುತ್ತದೆ. 1204ರ ಆ ಬಸದಿಯ ಕಂಬಗಳ ನುಣುಪಾದ ಬಳೆಗಳನ್ನು ನೋಡಿದರೆ, ತಿರುಗಿಸದೆ ಇದನ್ನು ಮಾಡಲು ಆಗುತ್ತಿತ್ತೇ ಅನ್ನಿಸುತ್ತದೆ. ಕಡಗೋಲಿನ ತಲೆ ಮಾತ್ರ ಬೇರೆ ಜಾತಿಯದು. ಅಡ್ಡ ಕೊಯ್ದರೆ ಅದು ಹೂವು.

ನಾವು ಮನೆಯಲ್ಲಿ ಕಟ್ಟಿಕೊಳ್ಳುವ ಮೂರು ಆಕ್ಸಿಸ್‌ನ ಸಿಎನ್‌ಸಿ ರೂಟರ್‌ಗೂ, ಅಂದರೆ ಕಂಪ್ಯೂಟರ್ ಹೇಳಿದಂತೆ ಮೂರು ದಿಕ್ಕಿಗೆ ಓಡಿ ಕಟ್ಟಿಗೆ ಕೆತ್ತುವ ಮಶೀನಿಗೂ, ಈ ಹೂವು ಒಗ್ಗುವುದಿಲ್ಲ. ಅದಕ್ಕೆ ಹಲಗೆಯ ಮೇಲ್ಮೈ ಮಾತ್ರ ಕಾಣುತ್ತದೆ. ಬಿಟ್, ಅಂದರೆ ತಿರುಗುತ್ತ ಕಡಿಯುವ ಅಲಗು, ಎಡ ಬಲ (ಎಕ್ಸ್) ಹೋಗುತ್ತದೆ, ಹಿಂದೆ ಮುಂದೆ (ವೈ) ಹೋಗುತ್ತದೆ, ಮೇಲೆ ಕೆಳಗೆ (ಜೆಡ್) ಆಡುತ್ತದೆ. ಕೋಲಿನ ಹೊಟ್ಟೆಯ ಕೆಳಗೆ ಏನಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಕೋಲನ್ನೇ ತಿರುಗಿಸಿ ತೋರಿಸಬೇಕು. ಕಟ್ಟಿಗೆಯ ಒಂದು ತುದಿಯನ್ನು ಚಕ್ ಹಿಡಿದಿರುತ್ತದೆ, ಇನ್ನೊಂದು ತುದಿಯನ್ನು ಟೇಲ್‌ಸ್ಟಾಕ್ ಒತ್ತಿರುತ್ತದೆ. ಚಕ್ ಅನ್ನು ಸ್ಟೆಪ್ಪರ್ ಮೋಟರ್ ಹೇಳಿದಷ್ಟೇ ಕೋನಕ್ಕೆ ತಿರುಗಿಸುತ್ತದೆ. ಇದೇ ರೋಟರಿ ಆಕ್ಸಿಸ್. ಎಕ್ಸ್ ಗುಂಟ ಮಲಗಿಸಿದರೆ ಅದಕ್ಕೆ 'ಎ' ಅಂತ ಹೆಸರು, ವೈ ಗುಂಟ ಮಲಗಿಸಿದರೆ 'ಬಿ'. ರೂಢಿಯಲ್ಲಿ ಎಲ್ಲರೂ ಎ ಅಂತಲೇ ಅನ್ನುತ್ತಾರೆ, ಅದರಿಂದ ಏನೂ ಕೆಡುವುದಿಲ್ಲ.

ಒಂದು ತಪ್ಪು ತಿಳುವಳಿಕೆ ಮೊದಲೇ ಹೋಗಲಿ. ಇದು ಲೇತ್ ಅಲ್ಲ. ಇಲ್ಲಿ ಜೋರಾಗಿ ತಿರುಗುವುದು ಬಿಟ್, ನಿಮಿಷಕ್ಕೆ 18,000 ಸುತ್ತು. ಕಟ್ಟಿಗೆ ನಿಮಿಷಕ್ಕೆ ನಾಲ್ಕೈದು ಸುತ್ತು ತಿರುಗಿದರೆ ಹೆಚ್ಚು. ಎಷ್ಟೋ ಕೆಲಸದಲ್ಲಿ ಅದು ನಿಂತೇ ಇರುತ್ತದೆ: 60 ಡಿಗ್ರಿ ತಿರುಗು, ನಿಲ್ಲು, ಒಂದು ಸಂದು ಕೆತ್ತಿಸಿಕೋ, ಮತ್ತೆ 60 ತಿರುಗು. ಆರು ಸಲ ಹೀಗೆ ಮಾಡಿದರೆ ಆರು ಎಸಳು.

ಮೊದಲು ಎತ್ತರ ಅಳೆಯಿರಿ

ಎಲ್ಲರೂ ಮೊದಲು ಮೋಟರ್ ಹುಡುಕುತ್ತಾರೆ. ನಾನೂ ಹಾಗೇ ಮಾಡಿದೆ. ಸೆಂಟರ್ (ಕೋಲು ತಿರುಗುವ ನಡುಗೆರೆ) 65 ಮಿಮೀ ಎತ್ತರದಲ್ಲಿರುವ, ನಾಲ್ಕು ದವಡೆಯ ಚಕ್ ಇರುವ ಸಿದ್ಧ ರೋಟರಿ ತರಿಸಿದೆ. ಬೆಡ್ (ಮಶೀನಿನ ಮೇಜು) ಮೇಲೆ ಇಟ್ಟೆ. ಅಲ್ಲಿಗೇ ಎಡವಟ್ಟಾಯಿತು.

ಲೆಕ್ಕ ನೋಡಿ. ನನ್ನ ಮಶೀನಿನಲ್ಲಿ ಜೆಡ್ ಪೂರ್ತಿ ಮೇಲೆ ಎತ್ತಿದಾಗ ಬಿಟ್‌ನ ತುದಿಗೂ ಬೆಡ್‌ಗೂ ನಡುವೆ 90 ಮಿಮೀ. ರೋಟರಿಯ ಸೆಂಟರ್ ಬೆಡ್‌ನಿಂದ 65 ಮಿಮೀ ಮೇಲೆ. ಕಡಗೋಲಿನ ತಲೆ 60 ಮಿಮೀ ದುಂಡು (ವ್ಯಾಸ) ಬರಬೇಕು ಅಂದರೆ 65 ಮಿಮೀ ಚೌಕದ ತುಂಡು ಬೇಕು. ಚೌಕ ತಿರುಗಿದಾಗ ಅದರ ಮೂಲೆ ಮೇಲೆ ಬರುತ್ತದೆ, ಮೂಲೆ ಸೆಂಟರ್‌ನಿಂದ 46 ಮಿಮೀ ದೂರ. 65ಕ್ಕೆ 46 ಕೂಡಿಸಿದರೆ 111. ಬಿಟ್ ಇರುವುದು 90ರಲ್ಲಿ. ಅಂದರೆ ಕಟ್ಟಿಗೆ ಬಿಟ್‌ಗಿಂತ ಎತ್ತರ!

ಗ್ಯಾಂಟ್ರಿ (ಬಿಟ್ ಹೊತ್ತು ಓಡುವ ಅಡ್ಡ ಚೌಕಟ್ಟು) ಎತ್ತರಿಸಬಹುದು, ಆದರೆ ಗ್ಯಾಂಟ್ರಿ ಕಾಲು ಉದ್ದವಾದಷ್ಟೂ ಅದು ಅಲುಗಾಡುತ್ತದೆ. ಇದ್ದ ಮೂರು ಆಕ್ಸಿಸ್ ಕೆಲಸವೂ ಕೆಡುತ್ತದೆ. ಅದಕ್ಕಿಂತ ರೋಟರಿಯನ್ನು ಕೆಳಗೆ ಇಳಿಸುವುದು ಮೇಲು. ಕೆಲವರು ಬೆಡ್ ನಡುವೆ ಉದ್ದ ಸೀಳು ಕೊರೆಯುತ್ತಾರೆ. ನಾನು ಬೆಡ್‌ನ ಮುಂದಿನ ಅಂಚಿನ ಆಚೆ, 80 ಮಿಮೀ ಕೆಳಗೆ, ಒಂದು ಕಬ್ಬಿಣದ ಚಾನಲ್ ಕೂರಿಸಿ ಅದರ ಮೇಲೆ ರೋಟರಿ ಇಟ್ಟೆ. ಗ್ಯಾಂಟ್ರಿ ಮುಂದಕ್ಕೆ ಬಂದು ನಿಂತರೆ ಬಿಟ್ ಸರಿಯಾಗಿ ಕೋಲಿನ ಮೇಲೆ ಬರುತ್ತದೆ. ಈಗ ಸೆಂಟರ್ ಬೆಡ್‌ಗಿಂತ 15 ಮಿಮೀ ಕೆಳಗೆ, ಚೌಕದ ಮೂಲೆ ಬೆಡ್‌ಗಿಂತ 31 ಮಿಮೀ ಮೇಲೆ. ಓಡಾಡಲು ಬೇಕಾದಷ್ಟು ಜಾಗ.

ಇನ್ನೂ ಕೆಳಗೆ ಇಳಿಸಿದರೆ ಇನ್ನೂ ದಪ್ಪದ ಕಂಬ ಹಿಡಿಸುತ್ತದಲ್ವಾ? ಹಿಡಿಸುತ್ತದೆ, ಆದರೆ ಬಿಟ್ ಅಷ್ಟು ಕೆಳಗೆ ಮುಟ್ಟಬೇಕು. ಜೆಡ್ ಓಡುವುದೇ 100 ಮಿಮೀ. ಸೆಂಟರ್ ತೀರ ಆಳಕ್ಕೆ ಹೋದರೆ ಸಣ್ಣ ಕೋಲು ಕೈಗೆ ಸಿಗುವುದಿಲ್ಲ. ನಿಮ್ಮ ಅತಿ ದಪ್ಪ ತುಂಡಿನ ಮೂಲೆ, ಅತಿ ಸಣ್ಣ ಕೆಲಸದ ಮೇಲ್ಮೈ, ಎರಡೂ ಜೆಡ್‌ನ ಓಟದೊಳಗೆ ಬರಬೇಕು. ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆ ದುಡ್ಡು ಬಿಚ್ಚಿ.

ಮೋಟರ್, ಬೆಲ್ಟ್, ಮತ್ತು ಸೆಂಟರ್

ಸ್ಟೆಪ್ಪರ್ ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಹೆಜ್ಜೆಗೆ 1.8 ಡಿಗ್ರಿ. ಕೇಳಲು ಸಣ್ಣದು. ಆದರೆ 100 ಮಿಮೀ ದುಂಡಿನ ಕಂಬದ ಮೈಮೇಲೆ ಅದು 1.57 ಮಿಮೀ. ಚಕ್ ಅನ್ನು ನೇರ ಮೋಟರ್‌ಗೆ ಕಟ್ಟಿದರೆ ಕಂಬದ ಮೈ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಬಲದ ಕಥೆಯೂ ಅಷ್ಟೇ. 1 ನ್ಯೂಟನ್ ಮೀಟರ್ ಬಲದ ಮೋಟರ್, ಸೆಂಟರ್‌ನಿಂದ 10 ಮಿಮೀ ದೂರದಲ್ಲಿ 100 ನ್ಯೂಟನ್ ತಡೆಯುತ್ತದೆ, 50 ಮಿಮೀ ದೂರದಲ್ಲಿ ಬರೀ 20. ದಪ್ಪ ಕಂಬದ ಅಂಚಿಗೆ ಬಿಟ್ ಕಚ್ಚಿದರೆ ಮೋಟರ್ ಸೋಲುತ್ತದೆ. ಅದಕ್ಕೇ ನಡುವೆ 6:1 ಬೆಲ್ಟ್ ಪುಲ್ಲಿ. ಮೋಟರ್ ಆರು ಸುತ್ತು ತಿರುಗಿದರೆ ಚಕ್ ಒಂದು ಸುತ್ತು. ಹೆಜ್ಜೆ ಆರು ಪಟ್ಟು ಸಣ್ಣದಾಗುತ್ತದೆ, ಬಲ ಹೆಚ್ಚುಕಡಿಮೆ ಆರು ಪಟ್ಟು ಹೆಚ್ಚುತ್ತದೆ.

ವರ್ಮ್ ಗೇರ್ (ಸ್ಕ್ರೂ ತಿರುಗಿ ಹಲ್ಲುಚಕ್ರ ನಡೆಸುವ ಜೋಡಿ) ಹಾಕಿದರೆ ಬಲ ಇನ್ನೂ ಜಾಸ್ತಿ ಅಂತ ಆಸೆ ಹುಟ್ಟುತ್ತದೆ. ಅಗ್ಗದ ವರ್ಮ್ ಗೇರ್‌ನಲ್ಲಿ ಹಲ್ಲುಗಳ ನಡುವೆ ಸಡಿಲ ಇರುತ್ತದೆ. ಸಂದಿನ ಒಂದು ಗೋಡೆ ಕೆತ್ತಿ ಇನ್ನೊಂದು ಗೋಡೆಗೆ ಬಿಟ್ ತಿರುಗಿದ ಕ್ಷಣ ಕಟ್ಟಿಗೆ ಆ ಸಡಿಲದಷ್ಟು ಕುಣಿಯುತ್ತದೆ. ಕಟ್ಟಿಗೆ ಕೆಲಸಕ್ಕೆ ನನ್ನ ಮತ ಬೆಲ್ಟ್‌ಗೇ. ಬಿಗಿಯಾಗಿ ಎಳೆದು ಕಟ್ಟಿದರೆ ಸಡಿಲ ಕಡಿಮೆ, ಹರಿದರೆ ಇನ್ನೊಂದು ಸಿಗುತ್ತದೆ.

ಇಷ್ಟಾದ ಮೇಲೆ ಅಸಲಿ ಕೆಲಸ: ಸೆಂಟರ್ ಹಿಡಿಯುವುದು. ಹಲಗೆ ಕೆಲಸದಲ್ಲಿ ಜೆಡ್‌ನ ಸೊನ್ನೆಯನ್ನು ಹಲಗೆಯ ಮೈಮೇಲೆ ಇಡುತ್ತೇವೆ. ರೋಟರಿಯಲ್ಲಿ ಆ ಅಭ್ಯಾಸ ಬಿಡಬೇಕು. ಕಟ್ಟಿಗೆಯ ಮೈ ಒರಟಾಗಿರುತ್ತದೆ, ತಿರುಗಿದಂತೆ ಏರಿಳಿಯುತ್ತದೆ. ಬದಲಾಗದೇ ಇರುವುದು ಕೋಲಿನ ಒಳಗಿನ, ಕಣ್ಣಿಗೆ ಕಾಣದ ಆ ನಡುಗೆರೆ ಒಂದೇ. ಸೊನ್ನೆ ಅಲ್ಲೇ.

ನಾನು ಮಾಡುವುದು ಹೀಗೆ. 20 ಮಿಮೀ ದುಂಡಿನ ನೇರವಾದ ಸ್ಟೀಲ್ ರಾಡ್ ಒಂದನ್ನು ಚಕ್‌ಗೆ ಹಾಕುತ್ತೇನೆ. ರಾಡ್ ಮೇಲೆ ಡಯಲ್ ಗೇಜ್ (ಸಣ್ಣ ಏರಿಳಿತವನ್ನೂ ಮುಳ್ಳಿನಿಂದ ತೋರಿಸುವ ಅಳತೆ ಯಂತ್ರ) ಇಟ್ಟು ಚಕ್‌ನಿಂದ ಟೇಲ್‌ಸ್ಟಾಕ್‌ವರೆಗೆ ಎಕ್ಸ್ ಓಡಿಸುತ್ತೇನೆ. ಮುಳ್ಳು ಏರಿದರೆ ಆ ತುದಿ ಎತ್ತರ. ಇನ್ನೊಂದರ ಬುಡಕ್ಕೆ ತಗಡು ಕೊಡಬೇಕು. ತಂಪು ಪಾನೀಯದ ಕ್ಯಾನ್ ಕತ್ತರಿಸಿದರೆ ಸುಮಾರು 0.1 ಮಿಮೀ ತಗಡು ಸಿಗುತ್ತದೆ, ಇದಕ್ಕಿಂತ ಒಳ್ಳೆಯ ಶಿಮ್ ಬೇಡ. ಗೇಜ್ ಅನ್ನು ರಾಡ್‌ನ ಪಕ್ಕಕ್ಕೆ ಇಟ್ಟು ಇನ್ನೊಂದು ಸಲ ಓಡಿಸಿ, ಅಡ್ಡ ಸೊಟ್ಟಗಿದೆಯೋ ನೋಡುತ್ತೇನೆ. ಇದನ್ನು ಬಿಟ್ಟರೆ ಲಟ್ಟಣಿಗೆಯ ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ ಆಗುತ್ತದೆ.

ಆಮೇಲೆ ಬಿಟ್ ಅನ್ನು ರಾಡ್‌ನ ಮುಂದಿನ ಪಕ್ಕಕ್ಕೆ ಮುಟ್ಟಿಸಿ ವೈ ಅಂಕಿ ಬರೆದುಕೊಳ್ಳುತ್ತೇನೆ, ಹಿಂದಿನ ಪಕ್ಕಕ್ಕೆ ಮುಟ್ಟಿಸಿ ಇನ್ನೊಂದು ಅಂಕಿ. ಎರಡರ ನಟ್ಟನಡುವೆ ಸೆಂಟರ್. ಮೇಲಿನಿಂದ ಮುಟ್ಟಿಸಿದರೆ ಆ ಜಾಗ ಜೆಡ್ 10, ಯಾಕೆಂದರೆ ರಾಡ್‌ನ ತ್ರಿಜ್ಯ 10.

ಸರಿ ಬಂತೋ ಇಲ್ಲವೋ ಅಂತ ಕಟ್ಟಿಗೆಯನ್ನೇ ಕೇಳಬಹುದು. ಬೇಡದ ತುಂಡೊಂದನ್ನು ಹಿಡಿದು ಜೆಡ್ 20ರಲ್ಲಿ ಮೇಲೆ ಸಪಾಟು ಮಾಡಿ. ಅರ್ಧ ಸುತ್ತು ತಿರುಗಿಸಿ. ಅದೇ ಜೆಡ್ 20ರಲ್ಲಿ ಇನ್ನೊಂದು ಮೈ ಸಪಾಟು ಮಾಡಿ. ಕ್ಯಾಲಿಪರ್ ಹಿಡಿದರೆ 40 ಬರಬೇಕು. ನನಗೆ 40.6 ಬಂತು. ಅಂದರೆ ನನ್ನ ಸೊನ್ನೆ ನಿಜವಾದ ಸೆಂಟರ್‌ಗಿಂತ 0.3 ಮಿಮೀ ಮೇಲೆ ಕೂತಿತ್ತು. ಎರಡೂ ಕಡೆಯ ತಪ್ಪು ಸೇರಿ ಕಾಣುವುದರಿಂದ ಸಣ್ಣ ತಪ್ಪೂ ತಪ್ಪಿಸಿಕೊಳ್ಳುವುದಿಲ್ಲ.

ವೈ ತೆಗೆದು ರೋಟರಿ ಹಾಕುವ ಉಪಾಯ

ನಾಲ್ಕನೇ ಆಕ್ಸಿಸ್ ಅಂದರೆ ಹೊಸ ಕಂಟ್ರೋಲರ್ ಬೇಕೇ ಬೇಕು ಅಂತಿಲ್ಲ. ಮನೆಯ ಎಷ್ಟೋ ಮಶೀನುಗಳಲ್ಲಿ ಆರ್ಡುಯಿನೋ ಊನೋ ಎಂಬ ಸಣ್ಣ ಬೋರ್ಡ್ ಮೇಲೆ ಜಿಆರ್‌ಬಿಎಲ್ ಎಂಬ ಸಾಫ್ಟ್‌ವೇರ್ ಓಡುತ್ತಿರುತ್ತದೆ, ಅದೇ ಕಂಟ್ರೋಲರ್. ಅದಕ್ಕೆ ಗೊತ್ತಿರುವುದು ಮೂರೇ ಆಕ್ಸಿಸ್. ಊನೋ ಮೇಲೆ ಕೂರಿಸುವ ಸಿಎನ್‌ಸಿ ಶೀಲ್ಡ್ ಎಂಬ ಬೋರ್ಡ್ ಮೇಲೆ 'ಎ' ಅಂತ ನಾಲ್ಕನೇ ಜಾಗ ಇದೆಯಲ್ಲ ಅಂತ ಎಷ್ಟೋ ಜನ ಖುಷಿಪಡುತ್ತಾರೆ. ಆ ಜಾಗವನ್ನು ಸಾಮಾನ್ಯವಾಗಿ ಬಳಸುವುದು ಎಕ್ಸ್, ವೈ, ಜೆಡ್‌ಗಳಲ್ಲಿ ಒಂದರ ನಕಲು ಮಾಡಲು. ಅಲ್ಲಿ ಮೋಟರ್ ಚುಚ್ಚಿದ ಮಾತ್ರಕ್ಕೆ ಎ ಆಕ್ಸಿಸ್ ಹುಟ್ಟುವುದಿಲ್ಲ.

ಉಪಾಯ ಇದು. ಕೋಲು ಕೆತ್ತುವಾಗ ಬಿಟ್ ಯಾವಾಗಲೂ ಸೆಂಟರ್ ಮೇಲೇ ನಿಂತಿರುತ್ತದೆ, ವೈ ಓಡುವುದೇ ಬೇಕಿಲ್ಲ. ಹಾಗಾದರೆ ವೈ ಮೋಟರಿನ ವೈರ್ ಕಿತ್ತು, ಆ ಜಾಗಕ್ಕೆ ರೋಟರಿಯ ಮೋಟರ್ ಕೊಟ್ಟರಾಯಿತು. ಕಂಟ್ರೋಲರ್ ಎಂದಿನಂತೆ "ವೈ 10 ಮಿಮೀ ಹೋಗು" ಅನ್ನುತ್ತದೆ, ಕೋಲಿನ ಮೈ 10 ಮಿಮೀ ಸರಿಯುತ್ತದೆ. ಹಲಗೆಗೆ ಬರೆದ ಚಿತ್ರವನ್ನು ಕೋಲಿಗೆ ಸುತ್ತಿದಂತೆ. ಬಳೆಯ ಮೇಲೆ ಕಾಗದ ಸುತ್ತುವುದನ್ನು ನೆನೆಸಿಕೊಳ್ಳಿ.

ಅಂಕಿ ಒಂದೇ ಬದಲಿಸಬೇಕು. 200 ಹೆಜ್ಜೆ, ಡ್ರೈವರ್‌ನಲ್ಲಿ (ಮೋಟರ್‌ಗೆ ಕರೆಂಟ್ ಕೊಡುವ ಭಾಗ) 8 ಮೈಕ್ರೋಸ್ಟೆಪ್, ಅಂದರೆ ಒಂದು ಹೆಜ್ಜೆಗೆ 8 ಚೂರು, ಬೆಲ್ಟ್ 6. ಗುಣಿಸಿದರೆ ಚಕ್‌ನ ಒಂದು ಸುತ್ತಿಗೆ 9,600 ಹೆಜ್ಜೆ. 60 ಮಿಮೀ ದುಂಡಿನ ಸುತ್ತಳತೆ 188.5 ಮಿಮೀ. ಭಾಗಿಸಿದರೆ ಮಿಮೀಗೆ 50.93. ಈ ಅಂಕಿಯನ್ನು $101 ಎಂಬ ಸೆಟ್ಟಿಂಗ್‌ಗೆ ಹಾಕಬೇಕು. ಹಳೆಯ ಅಂಕಿಯನ್ನು ಗೋಡೆಯ ಮೇಲೆ ಬರೆದಿಡಿ, ಇಲ್ಲದಿದ್ದರೆ ನಾಳೆ ಹಲಗೆ ಕೆಲಸಕ್ಕೆ ಪರದಾಡುತ್ತೀರಿ. ಕೋಲಿನ ದಪ್ಪ ಬದಲಾದರೆ ಅಂಕಿಯೂ ಬದಲು: 100 ಮಿಮೀ ಕಂಬಕ್ಕೆ 30.56. ಚಿತ್ರದ ಅಗಲ ಸುತ್ತಳತೆಯಷ್ಟೇ ಇರಬೇಕು. ವಿಕಾರ್ವ್‌ನಂಥ ಸಾಫ್ಟ್‌ವೇರ್‌ನಲ್ಲಿ ಈ ಸುತ್ತುವ ಲೆಕ್ಕ ಸಿದ್ಧವಾಗೇ ಇದೆ. ಬರೀ ಚಪ್ಪಟೆ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇದ್ದರೂ ನಡೆಯುತ್ತದೆ.

ಇಲ್ಲಿ ಮೂರು ಕಡೆ ಹುಷಾರು. ಡ್ರೈವರ್‌ಗೆ ಕರೆಂಟ್ ಇರುವಾಗ ಮೋಟರಿನ ವೈರ್ ಕೀಳಬೇಡಿ, ಡ್ರೈವರ್ ಸುಟ್ಟುಹೋಗುತ್ತದೆ. ನಾನು ಏವಿಯೇಶನ್ ಪ್ಲಗ್ ಹಾಕಿಕೊಂಡಿದ್ದೇನೆ, ಮೇನ್ ಸ್ವಿಚ್ ಆರಿಸದೆ ಅದನ್ನು ಮುಟ್ಟುವುದಿಲ್ಲ. ಎರಡನೆಯದು, ವೈರ್ ಕಿತ್ತ ಮೇಲೆ ಗ್ಯಾಂಟ್ರಿಯನ್ನು ಹಿಡಿಯುವವರು ಯಾರೂ ಇಲ್ಲ. ಬಾಲ್ ಸ್ಕ್ರೂ ಇದ್ದರಂತೂ ಕೈಯಲ್ಲಿ ತಳ್ಳಿದರೆ ಓಡುತ್ತದೆ. ಸೆಂಟರ್ ಸಿಕ್ಕ ಜಾಗದಲ್ಲಿ ಗ್ಯಾಂಟ್ರಿಗೆ ತಾಗುವಂತೆ ಒಂದು ಕಟ್ಟೆ ಬೋಲ್ಟ್ ಮಾಡಿ, ಗ್ಯಾಂಟ್ರಿಯನ್ನು ಅದಕ್ಕೆ ಒತ್ತಿ ಕ್ಲಾಂಪ್ ಹಾಕಿ. ಮುಂದಿನ ಸಲ ಸೆಂಟರ್ ಹುಡುಕುವುದೂ ಬೇಡ, ಕಟ್ಟೆಗೆ ತಾಗಿಸಿದರೆ ಆಯಿತು. ಮೂರನೆಯದು, ಹೋಮಿಂಗ್ (ಮಶೀನು ತುದಿಯ ಸ್ವಿಚ್ ಮುಟ್ಟಿ ತನ್ನ ಜಾಗ ಗುರುತಿಸುವುದು) ಆಫ್ ಮಾಡಿಡಿ. ಇಲ್ಲದಿದ್ದರೆ ಮಶೀನು ವೈ ಸ್ವಿಚ್ ಹುಡುಕುತ್ತ ಕೋಲನ್ನು ಸುಮ್ನೆ ತಿರುಗಿಸಿ ಕೊನೆಗೆ ಅಲಾರ್ಮ್ ಕೊಡುತ್ತದೆ.

ಮುರಿದ ಎಸಳಿನ ಲೆಕ್ಕ

ಕಾಕಾನ ಮೊದಲ ಕಡಗೋಲನ್ನು ಸಾಗವಾನಿಯಲ್ಲಿ ಕೆತ್ತಿದೆ. ತಲೆ 60 ಮಿಮೀ ದುಂಡು, ಆರು ಸಂದು, ಒಂದೊಂದು 18 ಮಿಮೀ ಅಗಲ, 15 ಮಿಮೀ ಆಳ. ಬಿಟ್ 6 ಮಿಮೀ. ಪರದೆಯ ಮೇಲೆ ಎಸಳು 13 ಮಿಮೀ ದಪ್ಪ ಕಾಣುತ್ತಿತ್ತು, ಗಟ್ಟಿಮುಟ್ಟು. ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದೆ. ಚಟ್ ಅಂತ ಒಂದು ಎಸಳು ಬಂತು.

ಸುತ್ತಿದ ಚಿತ್ರದ ಗುಟ್ಟು ಇಲ್ಲಿದೆ. ಸಾಫ್ಟ್‌ವೇರ್‌ನ ಮಿಮೀ ನಿಜವಾಗುವುದು ಕೋಲಿನ ಮೈಮೇಲೆ ಮಾತ್ರ. ಒಳಗೆ ಇಳಿದಂತೆ ಅದು ಕುಗ್ಗುತ್ತದೆ, ಯಾಕೆಂದರೆ ಮೋಟರ್ ತಿರುಗಿಸುವುದು ಕೋನವನ್ನು. ಅದೇ ಕೋನ ಒಳಗಿನ ಸಣ್ಣ ವೃತ್ತದಲ್ಲಿ ಕಡಿಮೆ ದೂರ. 15 ಮಿಮೀ ಆಳದಲ್ಲಿ ತಲೆಯ ದುಂಡು 30 ಮಿಮೀ, ಸುತ್ತಳತೆ ಅರ್ಧ, 94 ಮಿಮೀ. ಬಿಟ್ ಓಡಿದ ದೂರವೂ ಅರ್ಧವಾಗುತ್ತದೆ. ಆದರೆ ಬಿಟ್ ತಾನು ಕುಗ್ಗುವುದಿಲ್ಲ, ಅದು ಎಲ್ಲಿ ಹೋದರೂ 6 ಮಿಮೀ. ಮೈಮೇಲೆ 18 ಮಿಮೀ ಸಂದು ಅಂದರೆ ಬಿಟ್‌ನ 6, ಓಟದ 12. ಬುಡದಲ್ಲಿ ಬಿಟ್‌ನ 6, ಓಟದ 6, ಒಟ್ಟು 12. ಆರು ಸಂದಿಗೆ 72. ಉಳಿದದ್ದು 22 ಮಿಮೀ, ಆರು ಎಸಳಿಗೆ ಹಂಚಿದರೆ ಒಂದೊಂದರ ಬುಡ 4 ಮಿಮೀಗೂ ಕಡಿಮೆ. ಅದರ ಮೇಲೆ ಕಟ್ಟಿಗೆಯ ನಾರು ಕೋಲಿನ ಉದ್ದಕ್ಕೆ ಹರಿದಿರುತ್ತದೆ, ಎಸಳು ಅಡ್ಡ ಚಾಚಿರುತ್ತದೆ. ಬುಡದಲ್ಲಿ ಸೀಳು ಬಿಡಲು ಇಷ್ಟೇ ಸಾಕು.

ಸಂದನ್ನು 12 ಮಿಮೀಗೆ ಇಳಿಸಿದೆ. ಬುಡದಲ್ಲಿ ಅದು 9 ಆಗುತ್ತದೆ, ಎಸಳಿನ ಬುಡ 6.7 ಮಿಮೀ ಉಳಿಯುತ್ತದೆ. ಹೊರಗೆ 19 ಮಿಮೀ ದಪ್ಪದ, ಒಳಗೆ ಸಣ್ಣಗಾಗುವ ಎಸಳು. ಕಾಕಾನ ಹಳೆಯ ಕಡಗೋಲನ್ನು ಪಕ್ಕಕ್ಕೆ ಹಿಡಿದು ನೋಡಿದರೆ ಅವರ ಅಪ್ಪ ಕೈಯಲ್ಲಿ ಕೆತ್ತಿದ್ದೂ ಹೆಚ್ಚುಕಡಿಮೆ ಇದೇ ಆಕಾರ.

ನಿಜವಾದ ನಾಲ್ಕನೇ ಆಕ್ಸಿಸ್ ಯಾವಾಗ?

ತಿರುಚಿದ ಕಂಬ, ಬಳ್ಳಿ ಸುತ್ತಿದ ಮಂಟಪದ ಕಾಲು, ಎಲ್ಲ ಮೇಲಿನ ಉಪಾಯದಲ್ಲೇ ಆಗುತ್ತವೆ. ಬಿಟ್ ಸೆಂಟರ್ ಬಿಟ್ಟು ಪಕ್ಕಕ್ಕೂ ಸರಿಯಬೇಕು, ಜೊತೆಗೆ ಕೋಲೂ ತಿರುಗಬೇಕು ಅಂದಾಗ ಮಾತ್ರ ನಾಲ್ಕು ಮೋಟರ್ ಒಟ್ಟಿಗೆ ಓಡಬೇಕು. ಪೂರ್ತಿ ಮೂರ್ತಿ ಕೆತ್ತುವ ಕೆಲವು ಕೆಲಸ ಅಂಥವು. ಅದಕ್ಕೆ ಜಿಆರ್‌ಬಿಎಲ್‌ಹ್ಯಾಲ್, ಇಎಸ್‌ಪಿ32 ಮೇಲೆ ಓಡುವ ಫ್ಲೂಯಿಡ್‌ಎನ್‌ಸಿ, ಲಿನಕ್ಸ್‌ಸಿಎನ್‌ಸಿ ಅಥವಾ ಮ್ಯಾಕ್3ನಂಥ, ನಾಲ್ಕು ಆಕ್ಸಿಸ್ ಬಲ್ಲ ಸಾಫ್ಟ್‌ವೇರ್ ಬೇಕು.

ಆಗ ಹೊಸ ತಲೆನೋವು ಒಂದು ಶುರುವಾಗುತ್ತದೆ: ವೇಗ. ಎ ಆಕ್ಸಿಸ್‌ನ ಲೆಕ್ಕ ಡಿಗ್ರಿಯಲ್ಲಿ. ಬರೀ ಎ ತಿರುಗುವಾಗ ಎಫ್ (ವೇಗದ ಅಂಕಿ) 1000 ಅಂದರೆ ನಿಮಿಷಕ್ಕೆ 1000 ಡಿಗ್ರಿ. 100 ಮಿಮೀ ಕಂಬದ ಮೈಮೇಲೆ ಅದು ನಿಮಿಷಕ್ಕೆ 873 ಮಿಮೀ, ಚೆನ್ನಾಗಿ ಕಡಿಯುತ್ತದೆ. ಅದೇ ಅಂಕಿ 20 ಮಿಮೀ ಕೋಲಿನ ಮೇಲೆ ಬರೀ 175 ಮಿಮೀ. ಬಿಟ್ ಕಡಿಯುವುದನ್ನು ಬಿಟ್ಟು ಉಜ್ಜಲು ಶುರು ಮಾಡುತ್ತದೆ, ಕಟ್ಟಿಗೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ. ಇದಕ್ಕೆ ಜಿ93 ಎಂಬ ದಾರಿ ಇದೆ. ಅದರಲ್ಲಿ ವೇಗ ಹೇಳುವುದಿಲ್ಲ, "ಈ ಓಟ ಇಷ್ಟು ಹೊತ್ತಿನಲ್ಲಿ ಮುಗಿಯಲಿ" ಅಂತ ಹೇಳುತ್ತೇವೆ. ಎಫ್ 2 ಅಂದರೆ ಅರ್ಧ ನಿಮಿಷ, ಎಫ್ 60 ಅಂದರೆ ಒಂದು ಸೆಕೆಂಡ್. ಯಾವ ತ್ರಿಜ್ಯದಲ್ಲಿ ಎಷ್ಟು ಹೊತ್ತು ಅಂತ ಸಾಫ್ಟ್‌ವೇರ್ ಲೆಕ್ಕ ಹಾಕಿ ಸಾಲು ಸಾಲಿಗೂ ಬರೆಯುತ್ತದೆ. ನಿಮ್ಮ ಪೋಸ್ಟ್ ಪ್ರೊಸೆಸರ್ (ಚಿತ್ರವನ್ನು ಮಶೀನಿನ ಭಾಷೆಗೆ ಬರೆದುಕೊಡುವ ಭಾಗ) ಜಿ93 ಬರೆಯುತ್ತದೋ ಇಲ್ಲವೋ ಅಂತ ಮೊದಲೇ ನೋಡಿಕೊಳ್ಳಿ.

ಕಡಗೋಲಿನ ಉದ್ದ ಹಿಡಿಯ ಬಗ್ಗೆ ಒಂದು ಮಾತು. ತಲೆ ಮತ್ತು ಹಿಡಿಯನ್ನು ಒಂದೇ ತುಂಡಿನಲ್ಲಿ ಕೆತ್ತುವ ಹಟ ನನಗೂ ಇತ್ತು. ಒಂದೂವರೆ ಅಡಿ ಉದ್ದದ ಹಿಡಿ 18 ಮಿಮೀಗೆ ಇಳಿಯುವಷ್ಟರಲ್ಲಿ ನಡುವೆ ಬಿಲ್ಲಿನಂತೆ ಬಾಗಿ ನಡುಗತೊಡಗಿತು, ಮೈತುಂಬ ಅಲೆ ಅಲೆ. ಟೇಲ್‌ಸ್ಟಾಕ್ ಬಿಗಿ ಮಾಡಿದರೆ ಇನ್ನೂ ಬಾಗಿತು. ಕಾಕಾ ನೋಡಿ, "ಹಿಡಿ ಲೇತ್‌ನ್ಯಾಗ ಮಾಡು, ತೆಲಿಗೆ ತೂತ ಹೊಡದು ಕೂಡ್ಸು. ಮೊದಲಿಂದ ಹಂಗ ಮಾಡತಿದ್ವಿ," ಎಂದರು. ಈಗ ಹಾಗೇ ಮಾಡುತ್ತೇನೆ. ಚೌಕ ತುಂಡಿನ ನಾಲ್ಕು ಮೂಲೆಯನ್ನೂ ಮೊದಲೇ ರಂದಾ ಹೊಡೆದು ಎಂಟು ಮೂಲೆ ಮಾಡಿಕೊಳ್ಳುತ್ತೇನೆ, ಮಶೀನಿನ ಅರ್ಧ ತಾಸು ಉಳಿಯುತ್ತದೆ.

ಇನ್ನು ಮಳೆಗಾಲದ ಕರೆಂಟು. ಕೆಲಸದ ನಡುವೆ ಕರೆಂಟ್ ಹೋದರೆ ಎಕ್ಸ್ ಮತ್ತು ಜೆಡ್ ಹೇಗೋ ಹೋಮ್‌ಗೆ ಹೋಗಿ ಬರುವಂತೆ ಮಾಡಬಹುದು. ದುಂಡಗಿನ ಕೋಲಿಗೆ ಮೊದಲು ಯಾವುದು, ಕೊನೆ ಯಾವುದು? ನಾಲ್ಕು ಸಂದು ಆದ ಮೇಲೆ ಐದನೆಯದು ಎಲ್ಲಿ ಶುರು ಅಂತ ಮಶೀನಿಗೆ ನೆನಪಿರುವುದಿಲ್ಲ. ಚಕ್‌ನ ಅಂಚಿಗೆ ಗರಗಸದ ಬ್ಲೇಡ್‌ನಿಂದ ಒಂದು ಗೀರು, ಅದರ ಎದುರಿಗೆ ರೋಟರಿಯ ಮೈಮೇಲೆ ಇನ್ನೊಂದು ಗೀರು ಹಾಕಿಕೊಂಡಿದ್ದೇನೆ. ಪ್ರತಿ ಕೆಲಸವೂ ಎರಡು ಗೀರು ಕೂಡಿದಲ್ಲಿಂದಲೇ ಶುರು. ಹೋದ ಆಷಾಢದಲ್ಲಿ ಒಂದೇ ಕಡಗೋಲಿಗೆ ಮೂರು ಸಲ ಕರೆಂಟ್ ಹೋಯಿತು. ನಾಲ್ಕನೇ ಸಂದಿನ ಒಂದು ಗೋಡೆಯಲ್ಲಿ ಕೂದಲಿನಷ್ಟು ಮೆಟ್ಟಿಲು ಇದೆ. ಕಾಕಿ ಅದರಲ್ಲೇ ಮಜ್ಜಿಗೆ ಕಡೆಯುತ್ತಾರೆ.